ನೊರೆಯಲ್ಲಿ ಕಾಣದಾದ ಮೇಡಂ

ಮೊನ್ನೆ ಹೊಸ ಸೋಪಿನ ಪುಡಿಯ ಪ್ಯಾಕೆಟ್ ಕತ್ತರಿಸಿದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಕಾಲೇಜಿನಲ್ಲಿ ನಮಗೆ ಸೂಕ್ಷ್ಮಜೀವಿಶಾಸ್ತ್ರ ಕಲಿಸಿದ ಮೇಡಂ ಕಣ್ಣ ಮುಂದೆ ಬಂದರು...

ಬೆಟಗೇರಿಯ ನೇಕಾರರ ಮನೆಯ ಮಗಳು. ಅವರ ನಗು ಪಕ್ಕದ ತರಗತಿಗೂ ಕೇಳಿಸುತ್ತಿತ್ತು. ಊರ ಹೊರಗೆ ಕೊಳಚೆ ನೀರು ಶುದ್ಧಗೊಳಿಸುವ ಸಣ್ಣ ಘಟಕವಿತ್ತು; ಅಲ್ಲಿನ ನೀರಿನ ಪರೀಕ್ಷೆ ಮೇಡಂ ನೋಡಿಕೊಳ್ಳುತ್ತಿದ್ದರು, ಸಹಾಯಕ್ಕೆ ವಿದ್ಯಾರ್ಥಿನಿಯಾದ ನಾನಿರುತ್ತಿದ್ದೆ. ಅಲ್ಲಿನ ತೊಟ್ಟಿಯ ಕೆಸರಿನಲ್ಲಿರುವ ಬ್ಯಾಕ್ಟೀರಿಯಾಗಳು ಹೊಲಸು ತಿಂದು ನೀರನ್ನು ತಿಳಿ ಮಾಡುತ್ತಿದ್ದವು. ಹತ್ತಿರದಲ್ಲೇ ಬಟ್ಟೆ ತೊಳೆಯುವ ಕಾರ್ಖಾನೆಯೊಂದು ಶುರುವಾಗಿ, ಅದರ ಸೋಪಿನ ನೀರು ಬಂದು ಸೇರತೊಡಗಿದ ಮೇಲೆ ಅವು ಸಾಯತೊಡಗಿದವು. ತೊಟ್ಟಿಯ ಮೇಲೆ ಆಳೆತ್ತರದ ನೊರೆ ಎದ್ದಿತು. ಹೊಲಸು ನೀರು ಹಾಗೇ ಹಳ್ಳ ಸೇರುತ್ತಿತ್ತು. ಆ ಹಳ್ಳದಲ್ಲಿ ದನಗಳು ನೀರು ಕುಡಿಯುತ್ತಿದ್ದವು.

ಕೆಸರನ್ನೆಲ್ಲ ತೆಗೆದು ಹೊಸದಾಗಿ ಶುರುಮಾಡೋಣವೆಂದರು ಘಟಕದ ಎಂಜಿನಿಯರ್. ಮೇಡಂ ತಡೆದರು. ಸೋಪಿನ ನೀರನ್ನು ಸ್ವಲ್ಪ ಸ್ವಲ್ಪವೇ ಬಿಟ್ಟರೆ ಉಳಿದ ಬ್ಯಾಕ್ಟೀರಿಯಾಗಳು ಅದನ್ನೇ ತಿನ್ನಲು ಕಲಿಯುತ್ತವೆ ಎಂದರು. ಎಷ್ಟು ಸಾಯುತ್ತವೆ, ಉಳಿದವು ಎಷ್ಟು ಬೇಗ ಹೆಚ್ಚುತ್ತವೆ ಎಂದು ನಾವಿಬ್ಬರೂ ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟಿದ್ದೆವು. ಪರದೆಯ ಮೇಲಿನ ಗೆರೆ ಮೊದಲು ಇಳಿದು ಆಮೇಲೆ ಏರುತ್ತಿತ್ತು. ಹಾಗೇ ಸ್ವಲ್ಪ ಸ್ವಲ್ಪ ಬಿಟ್ಟರೂ ತೊಟ್ಟಿಯಲ್ಲಿ ಮಾತ್ರ ಅವುಗಳ ಸಂಖ್ಯೆ ಇಳಿಯುತ್ತಲೇ ಹೋಯಿತು.

“ಮೇಡಂ, ನಮ್ಮ ಲೆಕ್ಕಾನ ತಪ್ಪಿದ್ರ ಏನ್ರಿ ಮಾಡೂದು?”

“ಹಂಗ ಅನಬ್ಯಾಡವಾ. ನನಗೂ ಅಂಜಿಕಿ ಐತಿ.”

ಮರುದಿನ ಮುಂಜಾನೆ ಪರೀಕ್ಷೆಗೆ ಕೆಸರು ತರಲು ಅವರು ತೊಟ್ಟಿಯ ಮೇಲಿನ ಕಿರುಸೇತುವೆಗೆ ಹೋದರು. ನಾನು ದಂಡೆಯಲ್ಲಿ ನಿಂತಿದ್ದೆ. ಗಾಳಿ ತಿರುಗಿತು. ನೊರೆಯ ಗುಡ್ಡ ಕುಸಿದು ಸೇತುವೆಯ ಮೇಲೆ ಬಿತ್ತು. ಮೇಡಂ ಕಾಣಲಿಲ್ಲ.

ಕೂಗಿದೆ. ಬ್ಯಾಕ್ಟೀರಿಯಾಗಳಿಗೆಂದು ಮಷೀನು ಕೆಳಗಿನಿಂದ ಗಾಳಿ ಊದುತ್ತಿರುವ ಆ ನೀರಿನಲ್ಲಿ ಈಜು ಬಲ್ಲವರೂ ತೇಲಲಾರರು ಎಂದು ಕೆಲಸದವರು ಹೇಳಿದ್ದರು. “ಮಷೀನ್ ಬಂದ್ ಮಾಡ್ರೀ!” ಎಂದು ಚೀರಿದೆ. ಮಷೀನಿನ ಸದ್ದು ನಿಂತಿತು. ಗುಳ್ಳೆಗಳು ಒಡೆಯುವ ಚುರುಚುರು ಸಪ್ಪಳ ಅಷ್ಟೇ... ಆಮೇಲೆ ಒಂದು ಕೆಮ್ಮು.

ಕಂಬಿ ಹಿಡಿದು, ಅಂಬೆಗಾಲಿಕ್ಕುತ್ತ ಹೋದೆ. ಅವರು ಎರಡೂ ತೋಳುಗಳಿಂದ ಕಂಬಿ ತಬ್ಬಿ ಕುಳಿತಿದ್ದರು.

“ಕಣ್ಣ ಕಾಣವಲ್ಲವು... ಕೈ ಬಿಡಬ್ಯಾಡ ಯವ್ವಾ.”

ಅವರ ಬಾಯಿಂದ ಅಂಥ ದನಿ ನಾನು ಎಂದೂ ಕೇಳಿರಲಿಲ್ಲ. ಮೆಲ್ಲಗೆ ದಂಡೆಗೆ ಕರೆತಂದೆ.

ಕೆಲವು ವಾರ ಕಳೆದ ಮೇಲೆ ಮೇಡಂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೆಸರಿನ ಹನಿ ನೋಡಿದರು. ಆಮೇಲೆ ನನಗೆ ಜಾಗ ಬಿಟ್ಟರು. “ನೋಡ, ಹೆಚ್ಚಾಗ್ಯಾವು.” ನಮ್ಮ ಲೆಕ್ಕದ ಗೆರೆಯಂತೆ ತೊಟ್ಟಿಯಲ್ಲೂ ಸಂಖ್ಯೆ ಏರಿತ್ತು. ಕ್ರಮೇಣ ನೊರೆ ಇಳಿಯಿತು, ಹಳ್ಳದ ನೀರು ತಿಳಿಯಾಯಿತು. ಆದರೆ ಮೇಡಂ ಮತ್ತೆಂದೂ ಆ ಸೇತುವೆ ಹತ್ತಲಿಲ್ಲ.

ಕಳೆದ ವರ್ಷ ಮುಂಡರಗಿಯಲ್ಲಿ, ತಂಗಿಯ ಮನೆಯಲ್ಲಿ ತೀರಿಕೊಂಡರು. ನನಗೆ ಸುದ್ದಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಈಗ ಆ ಘಟಕದ ಬ್ಯಾಕ್ಟೀರಿಯಾಗಳ ಲೆಕ್ಕ ನೋಡುವವಳು ನಾನು. ಹೊಸ ಹೊಸ ರಾಸಾಯನಿಕಗಳು ಬರುತ್ತಲೇ ಇವೆ. ಪರದೆಯ ಗೆರೆ ಇಳಿಯತೊಡಗಿದಾಗ ಜೊತೆಯವರೆಲ್ಲ ನನ್ನ ಮುಖ ನೋಡುತ್ತಾರೆ. ನಾನು ಯಾರ ಮುಖ ನೋಡಲಿ...