‘ಬರ್ತೀನಿ’ ಎನ್ನದ ಎದುರುಮನೆ ಆಂಟಿ

ಕಳೆದ ಶನಿವಾರ ಸಿಂಗಾಪುರದ ಆಂಗ್ ಮೋ ಕಿಯೋದ ಹಾಕರ್ ಸೆಂಟರಿನಲ್ಲಿ, ಸಾಲು ತಿಂಡಿ ಅಂಗಡಿಗಳ ನಡುವೆ, ಕಡ್ಡಿಗೆ ಸಿಕ್ಕಿಸಿದ ಮಾಂಸದ ಸಾಟೆ ಸುಡುವವನು ಕೆಂಡಕ್ಕೆ ಗಾಳಿ ಹಾಕುತ್ತಿದ್ದ. ಹೊಗೆ ನನ್ನ ಮೇಜಿನ ತನಕ ಬಂತು. ಹಿಂದೊಮ್ಮೆ ಇದೇ ಹೊಗೆಗೆ ನಾನು ಮೂಗು ಮುಚ್ಚಿಕೊಂಡಾಗ ಎದುರುಮನೆ ಆಂಟಿ ನಕ್ಕಿದ್ದರು. "ಇದು ಮರದ ಇದ್ದಿಲು ಕಣೆ, ಒಳ್ಳೇ ವಾಸನೆ. ನೆಲದೊಳಗೆ ಕಲ್ಲಿದ್ದಲು ಉರಿಯೋ ವಾಸನೆ ನಿಂಗೆ ಗೊತ್ತಿಲ್ಲ."

ಆಂಟಿ ತೀರಿಕೊಂಡರೆಂದು ಮೈಸೂರಿನಿಂದ ಅವರ ಮಗಳು ಆ ವಾರವೇ ಫೋನ್ ಮಾಡಿದ್ದಳು.

ತೊಂಬತ್ತರ ದಶಕದ ಆರಂಭದಲ್ಲಿ ಮದುವೆಯಾಗಿ ಬಂದ ನನಗೆ ನಮ್ಮ ಬ್ಲಾಕಿನಲ್ಲಿ ಕನ್ನಡದ ಮನೆಯೆಂದರೆ ಅವರದೊಂದೇ. ಅವರಲ್ಲಿ ನನಗೆ ಹಿಡಿಸದ ಅಭ್ಯಾಸವೊಂದಿತ್ತು. ನಮ್ಮ ಮನೆಯಿಂದ ಏಳುವಾಗ "ಹೋಗ್ತೀನಿ" ಅನ್ನುತ್ತಿದ್ದರು.

"ಹಾಗನ್ಬಾರ್ದು ಆಂಟಿ. ಬರ್ತೀನಿ ಅನ್ನಿ."

"ಹೋಗ್ತಿರೋಳು ಹೋಗ್ತೀನಿ ಅಂದ್ರೆ ತಪ್ಪೇನೇ?"

ಕಾರಣ ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ಸಿಂಗಾಪುರಕ್ಕೆ ಬರುವ ಮೊದಲು ಅಂಕಲ್ ಬಿಹಾರದ ಕಲ್ಲಿದ್ದಲು ಗಣಿಯೊಂದರಲ್ಲಿ ಎಂಜಿನಿಯರ್ ಆಗಿದ್ದರು. ಅವರ ಕಾಲೊನಿಯ ಬೇಲಿಯಾಚೆ ಒಂದು ಹಳ್ಳಿ. ಅದರ ಅಡಿಯ ಕಲ್ಲಿದ್ದಲಿಗೆ ಎಂದೋ ಹತ್ತಿದ ಬೆಂಕಿ ಆರಿರಲಿಲ್ಲ. ಮನೆಗಳ ನೆಲ ಬಿಸಿಯಾಗುತ್ತಿತ್ತು, ಗೋಡೆಗಳು ಬಿರುಕು ಬಿಡುತ್ತಿದ್ದವು. ಬೇರೆ ಕಡೆ ಮನೆ ಕೊಡುತ್ತೇವೆ ಎಂದರು ಗಣಿಯವರು, ಆದರೆ ಒಂದು ಸಂಸಾರಕ್ಕೆ ಇಲ್ಲಿ, ಇನ್ನೊಂದಕ್ಕೆ ಇನ್ನೆಲ್ಲೋ. ಆಂಟಿ ಮಧ್ಯಾಹ್ನ ಬೇಲಿ ದಾಟಿ ಹೋಗಿ, ಹೆಂಗಸರ ಜೊತೆ ಬಿಸಿಲಲ್ಲಿ ಕೂತು ಅಕ್ಕಿಯಲ್ಲಿನ ಕಲ್ಲು ಆರಿಸುತ್ತಿದ್ದರಂತೆ. ಅದೇ ಅವರ ಸಭೆ. ಭಾಷಣ, ಬಾವುಟ ಏನೂ ಇಲ್ಲ. ಆರಿಸುತ್ತಾ ಆರಿಸುತ್ತಾ ಎಲ್ಲರೂ ಒಂದು ಮಾತಿಗೆ ಬಂದರು. ಹೋದರೆ ಇಡೀ ಹಳ್ಳಿ ಒಂದೇ ಕಡೆಗೆ ಹೋಗಬೇಕು, ಒಬ್ಬೊಬ್ಬರೇ ಯಾರೂ ಹೆಬ್ಬೆಟ್ಟು ಒತ್ತಬಾರದು.

ಅಷ್ಟರಲ್ಲಿ ಅಂಕಲ್‌ಗೆ ಇಲ್ಲಿ ಕೆಲಸ ಸಿಕ್ಕಿತು. ಹೊರಡುವ ದಿನ ಆಂಟಿ, ನಾವು ‘ಬರ್ತೀನಿ’ ಅನ್ನುವುದನ್ನೇ ಹಿಂದಿಗೆ ತಿರುಗಿಸಿ, ‘ಆತೀ ಹೂಂ’ ಅಂದರು. ನಮ್ಮಲ್ಲಿ ಅದು ಹೋಗುವವರ ಮಾತು. ಅಲ್ಲಿ ಅದು, ಇಗೋ ಬಂದೆ ಎಂಬ ಮಾತು. ಆ ಹೆಂಗಸರು ಕಾಯತೊಡಗಿದರು...

ಹಳ್ಳಿಯ ಚಹಾದಂಗಡಿಯಲ್ಲಿ ಒಂದು ಫೋನಿತ್ತು. ಭಾನುವಾರ ಆಂಟಿ ಅಲ್ಲಿಗೆ ಕರೆ ಮಾಡುತ್ತಿದ್ದರು. ಒಮ್ಮೆ ನಾನೂ ಪಕ್ಕದಲ್ಲಿದ್ದೆ. ನಾನು ಬರುವುದಿಲ್ಲ, ಗಣಿಯವರ ಹತ್ತಿರ ನೀವೇ ಹೋಗಿ ಮಾತಾಡಿ ಎಂದು ಅವರು ಹಿಂದಿಯಲ್ಲಿ ಕೂಗುತ್ತಿದ್ದರು. ಆ ಕಡೆ ಒಬ್ಬ ಹೆಂಗಸು ನಕ್ಕಿದ್ದು ನನಗೂ ಕೇಳಿಸಿತು.

"ದೀದಿ ತಮಾಷೆ ಮಾಡ್ತಾರೆ ಅಂತಾಳೆ ಕಣೆ," ಎಂದರು ಆಂಟಿ ಫೋನಿಟ್ಟು. "ದೀದಿ ಬಂದ್ಮೇಲೇ ಮಾತು ಅಂತ ಸಾಹೇಬ್ರಿಗೆ ಹೇಳ್ಬಿಟ್ಟಿದಾರಂತೆ."

"ಒಂದ್ಸಲ ಹೋಗ್ಬಿಟ್ಟು ಬನ್ನಿ ಆಂಟಿ."

ಅವರು ಒಳಕೋಣೆಯ ಕಡೆ ನೋಡಿದರು. ಕಿಡ್ನಿ ಕೆಟ್ಟು ಅಂಕಲ್‌ಗೆ ಆಗಲೇ ದಿನ ಬಿಟ್ಟು ದಿನ ಡಯಾಲಿಸಿಸ್ ನಡೆಯುತ್ತಿತ್ತು. ನಾನು ಮತ್ತೆ ಆ ಮಾತೆತ್ತಲಿಲ್ಲ.

ಇಲ್ಲಿಂದಲೇ ಏನಾದರೂ ಮಾಡೋಣ ಎಂದು ಪರಿಚಯದ ಕನ್ನಡ ಹೆಂಗಸರನ್ನು ನಮ್ಮ ಬ್ಲಾಕಿನ ಕೆಳಗೆ, ಕಂಬಗಳ ನಡುವೆ ಖಾಲಿ ಬಿಟ್ಟ ವಾಯ್ಡ್ ಡೆಕ್‌ನಲ್ಲಿ ಸೇರಿಸಿದೆ. ಬುಕಿತ್ ಬಾಟೋಕ್‌ನಿಂದ ಬಂದವರೊಬ್ಬರು, "ಹಳೇ ಸೀರೆ ಕಲೆಕ್ಟ್ ಮಾಡಿ ಕಳಿಸೋಣ್ವಾ?" ಅಂದರು.

"ನೆಲ ಉರೀತಿದೆ ಕಣ್ರೀ," ಎಂದರು ಆಂಟಿ. "ಸೀರೆ ಹಾಸ್ಕೊಂಡು ನಡೀಬೇಕಾ ಅವ್ರು?"

ಎಲ್ಲರೂ ನಕ್ಕರು, ಆಂಟಿಯೂ ನಕ್ಕರು. ಬೇರೆ ಉಪಾಯ ಯಾರಿಗೂ ಹೊಳೆಯಲಿಲ್ಲ. ಚಕ್ಕುಲಿ ತಿಂದು ಎದ್ದೆವು.

ಆ ಮಳೆಗಾಲದಲ್ಲಿ ಹಳ್ಳಿಯ ಒಂದು ಸಾಲು ಮನೆ ನೆಲದೊಳಕ್ಕೆ ಇಳಿಯಿತು. ಫೋನಿನಲ್ಲಿ ನಕ್ಕಿದ್ದ ಹೆಂಗಸು ಆ ಸಾಲಿನವಳು, ಬದುಕಲಿಲ್ಲ. ಚಹಾದಂಗಡಿಯವನು ಹೇಳಿದ್ದನ್ನೆಲ್ಲ ಆಂಟಿ ನಿಂತೇ ಕೇಳಿಸಿಕೊಂಡರು. ಅವನು ಫೋನಿಟ್ಟ ಮೇಲೂ ರಿಸೀವರ್ ಅವರ ಕೈಯಲ್ಲೇ ಇತ್ತು. ನಾನು ಅದನ್ನು ತೆಗೆದು ಜಾಗದಲ್ಲಿ ಇಟ್ಟೆ, ಅಷ್ಟೆ.

ಉಳಿದವರನ್ನು ತರಾತುರಿಯಲ್ಲಿ ಸಿಕ್ಕಸಿಕ್ಕ ಕಡೆಗೆ ಸಾಗಿಸಿದರಂತೆ. ಚಹಾದಂಗಡಿಯೂ ಹೋಯಿತು. ಆಂಟಿ ಆ ನಂಬರಿಗೆ ಎಷ್ಟೋ ಭಾನುವಾರ ಡಯಲ್ ಮಾಡುತ್ತಲೇ ಇದ್ದರು... ಅಂಕಲ್ ಹೋದ ಮೇಲೆ ಮೈಸೂರಿಗೆ ಶಿಫ್ಟ್ ಆದರು.

ಆಂಟಿ ಹೋದ ಸುದ್ದಿ ಬಂದಾಗಿನಿಂದ, ಅದನ್ನು ಆ ಹಳ್ಳಿಯ ಹೆಂಗಸರಿಗೆ ತಿಳಿಸಬೇಕು ಎಂದು ನನ್ನ ಮನಸ್ಸು ಒಂದೇ ಸಮನೆ ಹೇಳುತ್ತಿದೆ. ಮಗಳನ್ನು ಕೇಳಿದೆ. ಅವರಲ್ಲಿ ಒಬ್ಬರಾದರೂ ಎಲ್ಲಿದ್ದಾರೆಂದು ಅವಳಿಗೆ ಗೊತ್ತಿಲ್ಲ. ಅವರು ಬೇಡಿದ್ದ ಹಾಗೆ ಒಂದೇ ಕಡೆ ಇದ್ದಿದ್ದರೆ, ಒಬ್ಬರಿಗೆ ಹೇಳಿದ್ದರೂ ಎಲ್ಲರಿಗೂ ಮುಟ್ಟುತ್ತಿತ್ತು.