ಒಂದು ಹೂವು, ಎರಡು ಪ್ರಶ್ನೆ

ಬಸವೇಶ್ವರನನ್ನು ನಂಬಿರುವ ಅಕ್ಕಂದಿರೇ, ಅಣ್ಣಂದಿರೇ, ನನಗೆ ಆದದ್ದನ್ನು ಆದಷ್ಟೇ ಬರೆಯುತ್ತೇನೆ. ಕಾಣದ್ದನ್ನು ಸೇರಿಸುವುದಿಲ್ಲ.

ಮದುವೆಯಾಗಿ ಆರು ವರ್ಷವಾದರೂ ನನಗೆ ಮಗುವಿರಲಿಲ್ಲ. ನಾನೇ ಮುಂದೂಡುತ್ತಾ ಬಂದಿದ್ದೆ. ಇದು ನನ್ನ ಯಜಮಾನರಿಗೆ ಗೊತ್ತಿತ್ತು. ಕಾರಣ ಮಾತ್ರ ಅವರಿಗೂ ಗೊತ್ತಿರಲಿಲ್ಲ.

ನನಗೆ ಒಂಬತ್ತು ವರ್ಷವಿದ್ದಾಗ ತಮ್ಮ ಹುಟ್ಟಿದ. ಎರಡನೆಯ ವಾರದಿಂದ ಅಮ್ಮ ಅವನನ್ನು ಎತ್ತಿಕೊಳ್ಳುವುದನ್ನು ಬಿಟ್ಟಳು. ಅವನು ಅತ್ತರೂ ಗೋಡೆಗೆ ಮುಖ ಮಾಡಿ ಕೂತಿರುತ್ತಿದ್ದಳು. ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದು, “ಈ ಕೂಸ್ನ ನಾನೇ ಎಲ್ಲಾದ್ರೂ ಎಸೆದ್ಬುಡ್ತೀನೇನೋ ಅಂತ ಭಯ ಆಯ್ತದೆ ಕಣೆ, ನೀನೇ ಇಟ್ಕೊ” ಎಂದಳು. ಮನೆಯವರು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದರು. ನಾನು ನಾಲ್ಕು ತಿಂಗಳು ಶಾಲೆ ಬಿಟ್ಟು ತಮ್ಮನನ್ನು ಸೊಂಟದಲ್ಲಿ ಹೊತ್ತೆ. ಆಮೇಲೆ ಅಮ್ಮ ನಿಧಾನವಾಗಿ ಮೊದಲಿನಂತಾದಳು. ಆ ಮಾತನ್ನು ಅವಳು ಮರೆತಳೋ ಏನೋ. ನಾನು ಮರೆಯಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಅಮ್ಮನಿಗೆ ಬಂದದ್ದು ನನಗೂ ಬಂದರೆ ನನ್ನ ಮಗುವನ್ನು ಹೊರುವವರು ಯಾರು?

ನನ್ನ ಕೆಲಸವೂ ಮಕ್ಕಳದ್ದೇ. ಅಮ್ಮತ್ತಿಯ ಹತ್ತಿರ ಎಸ್ಟೇಟ್ ಕಾರ್ಮಿಕರ ಲೈನ್‌ಮನೆಗಳ ಪಕ್ಕದ ಅಂಗನವಾಡಿಯಲ್ಲಿ ಟೀಚರ್ ಆಗಿದ್ದೇನೆ. ಬಸುರಿಯರಿಗೆ ಏನು ತಿನ್ನಬೇಕು, ಯಾವ ಸೂಜಿ ಯಾವಾಗ ಎಂದು ಹೇಳುವವಳು ನಾನೇ. ತಿಂಗಳಿಗೊಮ್ಮೆ ಕೂಸುಗಳನ್ನು ತೂಕ ಮಾಡುವವಳೂ ನಾನೇ. ಲೈನಿನ ಸೆಲ್ವಿ ಪ್ರತಿ ಸಲವೂ ಕೆಣಕುತ್ತಿದ್ದಳು: “ಟೀಚರಮ್ಮಾ, ಊರವ್ರ ಪಾಪು ತೂಗಿ ತೂಗಿ ಕೈ ನೋಯಲ್ವಾ? ನಿಮ್ದೂ ಒಂದು ತಂದು ಹಾಕಿ, ನಾನೇ ತೂಗಿ ಕೊಡ್ತೀನಿ.” ನಾನೂ ನಕ್ಕುಬಿಡುತ್ತಿದ್ದೆ.

ಹೋದ ವರ್ಷ ಕಾರ್ತಿಕದ ಕಡೆಯ ಸೋಮವಾರ ಅತ್ತೆ ನಮ್ಮನ್ನು ಊರಿಗೆ ಕರೆಸಿಕೊಂಡರು. ಊರು ಶನಿವಾರಸಂತೆಯ ಕಡೆ. ಅಲ್ಲಿಯ ಬಸವೇಶ್ವರನ ಗುಡಿಯಲ್ಲಿ ಹೂ ಕೇಳುವ ಪದ್ಧತಿ ಇದೆ. ಅಯ್ನೋರು ಒದ್ದೆ ಹೂವೊಂದನ್ನು ಸ್ವಾಮಿಯ ನೆತ್ತಿಯ ಮೇಲೆ ಇಡುತ್ತಾರೆ. ಕೇಳುವವರು ಪ್ರಶ್ನೆಯನ್ನು ಬಾಯಿಬಿಟ್ಟು ಹೇಳಬಾರದು, ಮನಸ್ಸಿನಲ್ಲೇ ನೆನೆಯಬೇಕು. ಹೂ ಬಲಕ್ಕೆ ಬಿದ್ದರೆ ಅಪ್ಪಣೆಯಾಯಿತು, ಎಡಕ್ಕೆ ಬಿದ್ದರೆ ಇಲ್ಲ. ಒಂದು ಮನೆಗೆ ಒಂದೇ ಹೂ. ಅದಕ್ಕೇ ಅಯ್ನೋರು ಮೊದಲೇ ಎಚ್ಚರಿಸುತ್ತಾರೆ. ಅಂದೂ ಹೇಳಿದರು: “ಮನೆಯವ್ರೆಲ್ಲ ಒಂದೇ ಮಾತು ನೆನೆಸ್ಕೊಳಿ. ಇಬ್ಬರು ಎರಡು ಕೇಳಿದ್ರೆ ಸ್ವಾಮಿ ಯಾರಿಗೆ ಹೇಳ್ಬೇಕು?”

ಅತ್ತೆ ಕಣ್ಣುಮುಚ್ಚಿ ಕೈ ಮುಗಿದರು. ಅವರು ಮೊಮ್ಮಗುವನ್ನೇ ಕೇಳುತ್ತಿದ್ದಾರೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಅವರ ಪಕ್ಕದಲ್ಲೇ ನಿಂತು ನಾನು ನೆನೆದದ್ದು ಬೇರೆ: “ಸ್ವಾಮಿ, ನನಗೆ ಮಗು ಬೇಡ ಎನ್ನಬಹುದೇ?”

ಹೂ ತಕ್ಷಣ ಬಲಕ್ಕೆ ಬಿತ್ತು.

ಅತ್ತೆಯ ಕಣ್ಣಲ್ಲಿ ನೀರು ಬಂತು. ಅಯ್ನೋರು ಆ ಹೂವನ್ನು ಅವರ ಸೆರಗಿಗೆ ಹಾಕಿದರು. ಅತ್ತೆ ಅದನ್ನು ಅರ್ಧ ಮಾಡಿ ಒಂದು ಭಾಗ ನನ್ನ ಮುಡಿಗಿಟ್ಟರು. ಕೇಳಿದ್ದು ಸಿಕ್ಕಿತ್ತು, ಆದರೆ ಅವರ ಹೂವನ್ನು ನಾನು ಕದ್ದ ಹಾಗಾಗಿತ್ತು. ಕುಶಾಲನಗರದಲ್ಲಿ ಬಸ್ ಬದಲಿಸಿ ಸಿದ್ದಾಪುರ ದಾಟುವವರೆಗೂ ನಾನು ಬಾಯಿ ಬಿಡಲಿಲ್ಲ. “ತಲೆ ಸುತ್ತುತ್ತಾ?” ಎಂದು ಯಜಮಾನರು ಕಿಟಕಿಯ ಸೀಟು ಬಿಟ್ಟುಕೊಟ್ಟರು. ಹೌದು ಎಂದೆ.

ಅಪ್ಪಣೆ ಸಿಕ್ಕವಳಿಗೆ ನೆಮ್ಮದಿ ಇರಬೇಕಿತ್ತು. ನನಗಿರಲಿಲ್ಲ. ದೀಪ ಹಚ್ಚಿದರೆ ಸ್ವಾಮಿಯ ಮುಖ ನೋಡಲಾಗುತ್ತಿರಲಿಲ್ಲ. ಅತ್ತೆ ವಾರಕ್ಕೆರಡು ಸಲ ಫೋನ್ ಮಾಡುವವರು. ಅವರು ಮಗುವಿನ ಮಾತೆತ್ತದಿರುವುದೇ ನನ್ನನ್ನು ಇನ್ನಷ್ಟು ಚುಚ್ಚುತ್ತಿತ್ತು. ಒಂದು ದಿನ ಸೆಲ್ವಿಯ ಕೂಸನ್ನು ತೂಗುವಾಗ ಮುಳ್ಳು ಎಲ್ಲಿ ನಿಂತಿದೆ ಎಂದು ಮೂರು ಸಲ ನೋಡಿದರೂ ತಿಳಿಯಲಿಲ್ಲ. ಸೆಲ್ವಿ ಅಂದು ಕೆಣಕಲಿಲ್ಲ. ಕೂಸನ್ನು ಇಳಿಸಿಕೊಂಡು, “ಕೂತ್ಕೊಳ್ಳಿ ಟೀಚರಮ್ಮಾ” ಎಂದಳು.

ಸಂಕ್ರಾಂತಿ ಕಳೆದ ಮೇಲೆ ಅತ್ತೆ ಕಣ್ಣು ತೋರಿಸಲು ಬಂದರು. ಗೋಣಿಕೊಪ್ಪಲಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ನರ್ಸ್ ಕಣ್ಣಿಗೆ ಔಷಧಿ ಬಿಟ್ಟು, “ಅರ್ಧ ಗಂಟೆ ಕಣ್ಣು ಮುಚ್ಕೊಂಡೇ ಇರ್ಬೇಕು ಅಜ್ಜಿ” ಎಂದು ಹೇಳಿ ಒಳಗೆ ಹೋದಳು. ಅತ್ತೆ ಬೆಂಚಿನ ಮೇಲೆ ಕಣ್ಣುಮುಚ್ಚಿ ಕೂತರು. ಗುಡಿಯಲ್ಲಿ ನಿಂತಿದ್ದಾಗಲೂ ಅವರ ಮುಖ ಹೀಗೇ ಇತ್ತು. ಅವರು ನನ್ನನ್ನು ನೋಡುತ್ತಿಲ್ಲ ಎಂಬ ಧೈರ್ಯದಲ್ಲಿ ಬಾಯಿ ತಾನಾಗಿ ತೆರೆಯಿತು.

“ಅತ್ತೆ, ಅವತ್ತು ನಾನು ಹೂವಲ್ಲಿ ಬೇರೆ ಕೇಳ್ದೆ. ಮಗು ಬೇಡ ಅನ್ಬಹುದಾ ಅಂತ ಕೇಳ್ದೆ.”

ಅವರು ಕಣ್ಣು ತೆರೆಯಲಿಲ್ಲ. ನಾನು ನಿಲ್ಲಿಸಲಿಲ್ಲ. ಅಮ್ಮನ ವಿಷಯ, ಅವಳಾಡಿದ ಮಾತು, ನಾಲ್ಕು ತಿಂಗಳು ತಮ್ಮನನ್ನು ಹೊತ್ತದ್ದು, ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸುವಾಗ ನಾನು ಅಳುತ್ತಿದ್ದೆ.

ಅತ್ತೆ ಕೈ ಚಾಚಿ ನನ್ನ ಮೊಣಕೈ ಹುಡುಕಿ ಹಿಡಿದರು. “ನಾನೇನ್ ಕೇಳ್ದೆ ಅನ್ಕೊಂಡಿದ್ದೆ?”

“ಮೊಮ್ಮಗು.”

“ಅದನ್ನ ಐದು ವರ್ಷ ಕೇಳ್ದೆ ಕಣವ್ವ, ಸಾಕಾಯ್ತು. ಆರು ವರ್ಷದಿಂದ ನೋಡ್ತಾ ಇವ್ನಿ, ಯಾರ್ದಾರ ಮನೆ ತೊಟ್ಲು ಕಂಡ್ರೆ ನೀನು ಬಾಗ್ಲಲ್ಲೇ ನಿಂತ್ಬುಡ್ತೀಯ. ಈ ಹುಡ್ಗಿ ಎದೇಲಿ ಏನೋ ಭಯ ಅದೆ, ಅದನ್ನ ಇವ್ಳು ಬಾಯ್ಬಿಟ್ಟು ನಂಗೆ ಹೇಳ್ತಾಳಾ ಸ್ವಾಮಿ ಅಂತ ಕೇಳ್ದೆ. ಬಲಕ್ಕೆ ಕೊಟ್ಟ. ಈಗ ಹೇಳ್ದೆಯಲ್ಲ!”

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ.

“ನಿಂಗೂ ಬಲಕ್ಕೇ ಕೊಟ್ಟವ್ನೆ” ಎಂದು ಅವರೇ ಮುಂದುವರಿಸಿದರು. “ಬೇಡ ಅನ್ನಂಗಿದ್ರೆ ಅನ್ನು. ಸ್ವಾಮಿ ಹೂಂ ಅಂದ್ಮೇಲೆ ನಾನ್ಯಾರು? ನಿನ್ ಗಂಡ ಏನಾರ ಅಂದ್ರೆ ನಂಗೆ ಹೇಳು, ಕಿವಿ ಹಿಂಡ್ತೀನಿ. ಆದ್ರೆ ಹೆದ್ರಿಕೊಂಡು ಬೇಡ ಅನ್ಬೇಡ. ಅಮ್ಮಂಗೆ ಆಗಿದ್ದು ಏನು ಅಂತ ಡಾಕ್ಟ್ರನ್ನ ಕೇಳು. ಇಷ್ಟೊಂದು ಜನ ಡಾಕ್ಟ್ರು ಇಲ್ಲೇ ಕೂತವ್ರೆ, ಬರೀ ನನ್ ಕಣ್ಣು ನೋಡಕ್ಕಾ?”

ಅಳುತ್ತಿದ್ದವಳಿಗೆ ನಗು ಬಂತು. ಅಂದೇ ಅದೇ ಆಸ್ಪತ್ರೆಯ ಹೆರಿಗೆ ಡಾಕ್ಟರಮ್ಮನನ್ನು ಕಂಡೆ. ಅವರು ನನ್ನ ಮಾತನ್ನು ಪೂರ್ತಿ ಕೇಳಿದರು. ಅದು ಗಾಳಿಯಲ್ಲ, ಬಾಣಂತಿಯರಿಗೆ ಬರುವ ಕಾಯಿಲೆ. ಅಮ್ಮನಿಗೆ ಬಂದಿದ್ದರೆ ಮಗಳಿಗೂ ಬರುವ ಸಾಧ್ಯತೆ ಸ್ವಲ್ಪ ಹೆಚ್ಚು, ಬಂದೇ ಬರುತ್ತದೆ ಎಂದಲ್ಲ. ಬಂದರೆ ಔಷಧಿ ಇದೆ ಎಂದರು. “ಮೊದ್ಲೇ ಹೇಳಿದ್ದು ಒಳ್ಳೇದಾಯ್ತು. ಎಲ್ಲರಿಗೂ ಗೊತ್ತಿದ್ರೆ ಎಲ್ಲರೂ ನೋಡ್ತಾ ಇರ್ತೀವಿ. ನಿಮ್ಮಮ್ಮನ್ನ ಯಾರೂ ನೋಡ್ಲಿಲ್ಲ, ಅಷ್ಟೇ.”

ಆ ಸಂಜೆ ಯಜಮಾನರಿಗೂ ಎಲ್ಲ ಹೇಳಿದೆ. ಅವರು, “ನೀನು ಬೇಡ ಅಂದ್ರೂ ನಾವಿಬ್ರು ಚೆನ್ನಾಗೇ ಇರ್ತೀವಿ” ಎಂದರು. ಮರುದಿನ ಅಮ್ಮನಿಗೆ ಫೋನ್ ಮಾಡಿದೆ. ಅವಳು ಅತ್ತಳು. ಆ ಮಾತನ್ನು ಅವಳೂ ಮರೆತಿರಲಿಲ್ಲ.

ಮೂರು ತಿಂಗಳು ನಾನು ಯೋಚಿಸಿದೆ, ಯಾರೂ ಅವಸರಿಸಲಿಲ್ಲ. ಒಂದು ತೂಕದ ದಿನ ಕೂಸೊಂದನ್ನು ಇಳಿಸಿ ತಾಯಿಯ ಕೈಗೆ ಕೊಡಬೇಕಾದಾಗ, ಇನ್ನೊಂದು ಗಳಿಗೆ ಇರಲಿ ಎಂದು ಎದೆಗೆ ಒತ್ತಿಕೊಂಡಿದ್ದೆ. ಹೀಗೆ ನಾನು ಹಿಂದೆ ಎಂದೂ ಮಾಡಿರಲಿಲ್ಲ. ಆಗ ತಿಳಿಯಿತು. ಬೇಡ ಎನ್ನಲು ಅಪ್ಪಣೆ ಸಿಕ್ಕಿದ್ದರಿಂದಲೇ ಬೇಕು ಎನ್ನಲು ನನಗೆ ಧೈರ್ಯ ಬಂದಿತ್ತು.

ಈಗ ನನಗೆ ಏಳು ತಿಂಗಳು. ಹೆರಿಗೆಯಾದ ಮೇಲೆ ಬರೆ ಎಂದು ಕೆಲವರು ಹೇಳಿದರು. ಮುಂದೆ ಏನಾಗುವುದೋ ನನಗೆ ತಿಳಿಯದು. ಕಾಯಿಲೆ ಬಂದರೂ ಬರಬಹುದು. ಆದರೆ ನನ್ನ ಪ್ರಾರ್ಥನೆಗೆ ಉತ್ತರ ಆ ಬೆಂಚಿನ ಮೇಲೆ ಆಗಲೇ ಬಂದಾಗಿದೆ. ಆದ್ದರಿಂದ ಈಗಲೇ ಬರೆಯುತ್ತಿದ್ದೇನೆ. ಡಾಕ್ಟರಮ್ಮ ನನ್ನ ತಾಯಿ ಕಾರ್ಡಿನಲ್ಲಿ ಅಮ್ಮನ ಕಾಯಿಲೆಯ ವಿಷಯ ಬರೆದಿದ್ದಾರೆ. ಬಾಣಂತನಕ್ಕೆ ಅತ್ತೆಯೂ ಅಮ್ಮನೂ ಒಟ್ಟಿಗೆ ನಮ್ಮ ಮನೆಯಲ್ಲಿರುತ್ತಾರೆ.

ಹೋದ ಸೋಮವಾರ ತಪ್ಪೊಪ್ಪಿಕೊಳ್ಳಲು ಗುಡಿಗೆ ಹೋಗಿದ್ದೆವು. ಎರಡು ಪ್ರಶ್ನೆ ಕೇಳಿದ್ದನ್ನು ಅಯ್ನೋರಿಗೆ ಹೇಳಿದೆ. ಅವರು ಸ್ವಾಮಿಯ ಕಡೆ ತಿರುಗಿ ಕೈ ಮುಗಿದರು. ಆಮೇಲೆ ತಟ್ಟೆಯಿಂದ ಹೂವೊಂದನ್ನು ಎತ್ತಿ ಒದ್ದೆ ಮಾಡುತ್ತಾ, “ಗಂಡೋ ಹೆಣ್ಣೋ ಅಂತ ಬೇಡ, ಹೆರಿಗೆ ಸುಸೂತ್ರ ಆಯ್ತದಾ ಅಂತ ಕೇಳ್ಕೊತೀರಾ?” ಎಂದರು.

ಅತ್ತೆ ನನ್ನ ಮುಖ ನೋಡಿದರು. ನಾನು ಬೇಡವೆಂದು ತಲೆಯಾಡಿಸಿದೆ.

“ಬೇಡಿ ಅಯ್ನೋರೆ” ಎಂದರು ಅತ್ತೆ. “ಕೇಳೋದು ಏನೂ ಇಲ್ಲ. ಮಂಗಳಾರತಿ ಮಾಡಿ.”