ಕುಂತವರನ್ನು ಎಬ್ಬಿಸದ ಅಜ್ಜ

ಪಕ್ಕದ ಮನೆಯವರು ಬಾಗಿಲುಗಳಿಗೆ ಪಾಲಿಶ್ ಹೊಡೆಸುತ್ತಿದ್ದಾರೆ. ಮೊನ್ನೆ ಬೆಳಿಗ್ಗೆ ಅರಗು, ಸ್ಪಿರಿಟ್ಟು ಕೂಡಿದ ಆ ಘಾಟು ನಮ್ಮ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂತು. ಒಗ್ಗರಣೆ ಹಾಕುತ್ತಿದ್ದವಳು ಒಲೆ ಆರಿಸಿ ಹಿತ್ತಲ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆ ವಾಸನೆ ಬಂದರೆ ಅದರ ಬೆನ್ನಿಗೇ ರಕ್ತದ ವಾಸನೆಯೂ ಬರುತ್ತದೆ ನನಗೆ. ಹನ್ನೆರಡು ವರ್ಷವಾಯಿತು, ಅವೆರಡು ಇನ್ನೂ ಬೇರೆಯಾಗಿಲ್ಲ...

ಆಗ ನಾನು ದುರ್ಗದ ಒಂದು ಆಫೀಸಿನಲ್ಲಿ ಟೈಪಿಸ್ಟಾಗಿ ಹೊಸದಾಗಿ ಸೇರಿದ್ದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ರಾಮಗಿರಿಯಿಂದ ಅಮ್ಮನನ್ನು ಕರೆತಂದು ಬಾಡಿಗೆ ಮನೆ ಮಾಡಿದ್ದೆ. ಅಮ್ಮನ ಕಾಲು ಸಂಜೆಯಾದರೆ ಕಂಬದಂತೆ ಊದುತ್ತಿದ್ದವು. ಕೂತಾಗ ಕಾಲು ಕೆಳಗೆ ಬಿಡಬಾರದು, ಏನಾದರೂ ಮಣೆಯ ಮೇಲಿಟ್ಟುಕೊಳ್ಳಬೇಕು ಅಂದರು ಡಾಕ್ಟರು. ಪ್ಲಾಸ್ಟಿಕ್ಕಿನ ಸ್ಟೂಲು ತಂದೆ, ಜಾರುತ್ತಿತ್ತು. ಕೋಟೆಯ ಕಡೆಗೆ ಹೋಗುವ ಓಣಿಯಲ್ಲಿ ಹಳೇ ಮರದ ಸಾಮಾನು ಮಾರುವ ಒಬ್ಬ ಅಜ್ಜ ಇದ್ದಾರೆ, ಅಲ್ಲಿ ನೋಡು ಅಂತ ಆಫೀಸಿನಲ್ಲಿ ಯಾರೋ ಹೇಳಿದರು.

ತಗಡಿನ ಶೆಡ್ಡು. ಪಾಲಾದ ಮನೆಗಳಿಂದಲೂ ಕೆಡವಿದ ಮನೆಗಳಿಂದಲೂ ಬಂದ ಬೆಂಚು, ಬೆತ್ತದ ಕುರ್ಚಿ, ಮುಕ್ಕಾಲಿ, ತೂಗುಮಣೆಗಳನ್ನು ಸೂರಿನವರೆಗೆ ಒಟ್ಟಿದ್ದರು. ನಡುವೆ ಸಿಕ್ಕ ಒಂದಿಷ್ಟು ಜಾಗದಲ್ಲಿ ಎಪ್ಪತ್ತು ದಾಟಿದ ಅಜ್ಜ ಒಬ್ಬರೇ ಕೂತು ಉಜ್ಜುತ್ತಿದ್ದರು. ನಾನು ಹೊಳೆಯುತ್ತಿದ್ದ ಒಂದು ಕಾಲುಮಣೆ ಎತ್ತಿಕೊಂಡೆ.

"ಬೋರಲು ಹಾಕು ತಾಯಿ," ಅಂದರು. "ಮ್ಯಾಲ್ಗಡೆ ಎಲ್ಲಾವೂ ಚೆನ್ನಾಗೇ ಕಾಣ್ತವೆ. ಬುಡ ನೋಡ್ಬೇಕು."

ಬೋರಲು ಹಾಕಿದರೆ ತಳದಿಂದ ಸಣ್ಣ ಹಿಟ್ಟು ಉದುರಿತು. ಒಳಗೆ ಹುಳ ಇದೆ, ಅದಿನ್ನೂ ಔಷಧಿ ಕಾಣದ ಸಾಮಾನು ಅಂದರು. ಕೀಲುಗಳಿಗೆ ಕಬ್ಬಿಣದ ಮೊಳೆ ಹೊಡೆದಿದ್ದರೆ ಯಾರೋ ಆಮೇಲೆ ರಿಪೇರಿ ಮಾಡಿದ್ದು. ಮರದ ಗೂಟ ಇದ್ದರೆ ಮೊದಲಿನದು. ಪಾಲಿಶ್ ತೀರಾ ಕಪ್ಪಗಿದ್ದರೆ ಏನೋ ಮುಚ್ಚಿಟ್ಟಿದ್ದಾರೆ ಅಂತಲೇ ಲೆಕ್ಕ. ಇಷ್ಟೆಲ್ಲ ಹೇಳಿಯೂ ಅವತ್ತು ನನಗೆ ಏನೂ ಕೊಡಲಿಲ್ಲ. ಅಮ್ಮ ಕೂರುವ ಕುರ್ಚಿಯ ಎತ್ತರ ಎಷ್ಟು ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. "ಒಂದು ದಾರ ಹಿಡ್ಕಂಡು ಅಳತೆ ತಗಂಡು ಬಾ. ಮಣೆ ಕುರ್ಚಿಗಿಂತ ಒಂದು ಗೇಣು ತಗ್ಗಿರ್ಬೇಕು. ಇಲ್ಲಾಂದ್ರೆ ಮಂಡಿ ನೋವು ಬೇರೆ ಶುರುವಾಗ್ತತೆ."

ನಾನು ಹೊರಡುವ ಹೊತ್ತಿಗೆ ಒಬ್ಬ ರಿಟೈರಾದ ಮೇಷ್ಟ್ರು ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಒಂದು ಮೂಲೆಯಲ್ಲಿ ಕಾಲು ಚಾಚಲು ಬರುವ ಉದ್ದ ಕೈಗಳ ಬೀಟೆ ಕುರ್ಚಿ ಇತ್ತು. ಅವರು ನೇರ ಅದರ ಹತ್ತಿರ ಹೋಗಿ ನಿಂತರು. ಮುಟ್ಟಲಿಲ್ಲ.

"ಮೇಷ್ಟ್ರೇ, ಅದು ಯಾರ ಮನೇದು ಗೊತ್ತಲ್ಲ?" ಅಂದರು ಅಜ್ಜ.

"ಗೊತ್ತು. ನಮ್ಮೂರ ದೊಡ್ಡಮನೇದು. ಅದಕ್ಕೇ ಬಂದೆ."

ಹೊಳಲ್ಕೆರೆ ಕಡೆಯ ಹಳ್ಳಿ ಅದು. ಮೇಷ್ಟ್ರ ಮನೆ ಇದ್ದದ್ದು ಊರಾಚೆಯ ಕಾಲೋನಿಯಲ್ಲಿ. ಆ ಕುರ್ಚಿಯಲ್ಲಿ ಕೂತವರ ಮುಂದೆ ಅವರಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಅಂಗಳದಲ್ಲೇ ನಿಲ್ಲಬೇಕಾಗಿತ್ತಂತೆ. ಈಗ ದೊಡ್ಡಮನೆಯವರು ಪಾಲು ಮಾಡಿಕೊಂಡು ಹಳೇದನ್ನೆಲ್ಲ ಮಾರಿದ್ದರು.

"ಎಲ್ಲಿ ಹಾಕ್ಕಂತೀರಿ?"

"ಜಗಲಿ ಮ್ಯಾಲೆ."

ಅಜ್ಜ ಹೆಗಲ ಮೇಲಿನ ಬಟ್ಟೆಯಿಂದ ಕುರ್ಚಿಯ ಧೂಳು ಒರೆಸಿದರು. "ಕುಂತು ನೋಡ್ರಿ ಮತ್ತೆ. ಕುಂತು ನೋಡ್ದೆ ಕುರ್ಚಿ ತಗಬಾರ್ದು." ಮೇಷ್ಟ್ರು ಮೆಲ್ಲಗೆ ಕೂತರು. ಎರಡೂ ತೋಳನ್ನು ಕುರ್ಚಿಯ ಕೈಗಳ ಉದ್ದಕ್ಕೂ ಚಾಚಿಟ್ಟರು. ನಾನು ಅಷ್ಟು ನೋಡಿ ಬಸ್ಸಿಗೆ ಹೊತ್ತಾಯಿತೆಂದು ಹೊರಟುಬಂದೆ.

ಎಂಟು ದಿನ ಬಿಟ್ಟು ದಾರ ತೆಗೆದುಕೊಂಡು ಹೋದೆ. ಮಧ್ಯಾಹ್ನ. ಅಜ್ಜ ತೇಗದ ಒಂದು ಮಣೆ ಆರಿಸಿ ಕೊಟ್ಟರು. ನಾನು ಅದನ್ನು ಬೋರಲು ಮಾಡಿ, ಕಲಿತದ್ದನ್ನೆಲ್ಲ ಒಪ್ಪಿಸುವವಳಂತೆ ಕೀಲು ನೋಡುತ್ತಿದ್ದೆ. ಆಗ ಜೀಪು ನಿಂತ ಸದ್ದಾಯಿತು. ಮೂವರು ಒಳಗೆ ಬಂದರು. ಮುಂದೆ ಇದ್ದವನು ಕುರ್ಚಿ ಮಾರಿದ ಮನೆಯ ಕಿರಿಯ ಮಗ.

"ನಮ್ಮಪ್ಪ ಕುಂತ ಕುರ್ಚಿ ಯಾರಿಗೆ ಕೊಟ್ಟೀಯಲೇ?"

"ಮಾರಿದ್ದು ನೀವು. ತಗಂಡೋರು ತಗಂಡ್ರು."

"ಹೋಗಿ ವಾಪಸ್ ಈಸ್ಕಂಡು ಬಾ. ತಪ್ಪಾಗಿ ಕೊಟ್ಟೆ ಅನ್ನು. ನಾವು ಆ ಮನೆ ಬಾಗ್ಲಿಗೆ ಹೋದ್ರೆ ಕೇಸಾಗ್ತತೆ."

ಅಜ್ಜ ಕೈಯಲ್ಲಿದ್ದ ಪಾಲಿಶ್ ಬಟ್ಟೆ ಕೆಳಗಿಟ್ಟರು. "ಕುಂತಿರೋರನ್ನ ಎಬ್ಬಸೋ ಕೆಲ್ಸ ನಂದಲ್ಲಪ್ಪ," ಅಂದರು.

ಮೊದಲ ಏಟು ಕೆನ್ನೆಗೆ ಬಿತ್ತು. ಅಜ್ಜ ಪಾಲಿಶ್ ಡಬ್ಬಿಯ ಮೇಲೆ ಬಿದ್ದರು, ಅದು ನೆಲವೆಲ್ಲ ಚೆಲ್ಲಿತು. ಒಬ್ಬ ಮುರಿದ ಮಂಚದ ಕಾಲು ಎತ್ತಿಕೊಂಡು ಸಿಕ್ಕಿದ್ದಕ್ಕೆಲ್ಲ ಬಡಿಯತೊಡಗಿದ. ಬೆತ್ತದ ಕುರ್ಚಿಗಳ ಹೊಟ್ಟೆ ಒದ್ದು ಹರಿದರು. ನಿಲುಗನ್ನಡಿ ಒಡೆದು ಚೂರು ನನ್ನ ಕಾಲಿನವರೆಗೂ ಸಿಡಿಯಿತು. ಆಮೇಲೆ ಇಬ್ಬರು ಅಜ್ಜನನ್ನು ಎಳೆದು ತಂದು ಬಲಗೈಯನ್ನು ಬೆಂಚಿನ ಅಂಚಿಗೆ ಒತ್ತಿ ಹಿಡಿದರು. ಮೂರನೆಯವನು ಅದೇ ಮಂಚದ ಕಾಲಿನಿಂದ ಹೊಡೆದ. ಮೊದಲ ಏಟಿಗೆ ಅಜ್ಜ ಕೂಗಿದರು. ಎರಡನೆಯದಕ್ಕೆ ಕೂಗು ಬರಲಿಲ್ಲ. ಮೂರನೆಯದಕ್ಕೆ ಒಣ ಚಕ್ಕೆ ಮುರಿದಂಥ ಸದ್ದಾಯಿತು... ಅವನು ನಿಲ್ಲಿಸಲಿಲ್ಲ. ಬೆರಳುಗಳು ಯಾವುದು ಯಾವುದೆಂದು ತಿಳಿಯದ ಹಾಗಾಗುವವರೆಗೂ ಹೊಡೆದ.

ನಾನು ಒಂದು ಬೀರುವಿನ ಸಂದಿಯಲ್ಲಿ ಮಣೆಯನ್ನು ಎದೆಗವಚಿಕೊಂಡು ನಿಂತಿದ್ದೆ. ಕೂಗಲಿಲ್ಲ. ಕೂಗಬೇಕು ಅಂತಲೂ ಹೊಳೆಯಲಿಲ್ಲ. ಹೊರಡುವಾಗ ಕಿರಿಯ ಮಗ ನನ್ನನ್ನು ಕಂಡ. ಅವನ ಅಂಗಿಯ ಮೇಲೆ ರಕ್ತ ಹಾರಿತ್ತು. "ನೀನು ಏನೂ ನೋಡಿಲ್ಲ. ಹೌದಾ, ಇಲ್ವಾ?" ಅಂದ.

"ಹೌದು" ಅಂದೆ.

ಆಟೋದಲ್ಲಿ ಅಜ್ಜನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅವರ ಕೈಗೆ ಸುತ್ತಿದ್ದ ನನ್ನ ದುಪಟ್ಟಾ ತೊಟ್ಟಿಕ್ಕುತ್ತಿತ್ತು. ಮಣೆ ಇನ್ನೂ ನನ್ನ ಕಂಕುಳಲ್ಲೇ ಇದೆ ಎಂದು ಗೊತ್ತಾಗಿದ್ದು ಮನೆಗೆ ಬಂದ ಮೇಲೆ. ಬಚ್ಚಲಲ್ಲಿ ಸೋಪು ಹಾಕಿ ತೊಳೆದೆ. ಅಮ್ಮ ಅದರ ಮೇಲೆ ಕಾಲಿಟ್ಟುಕೊಂಡು, ನಾನು ಹೇಳಿದ್ದನ್ನೆಲ್ಲ ಕೇಳಿ, ನನ್ನ ಕೈ ಹಿಡಿದುಕೊಂಡಳು. "ನೀನು ಮುಖ ನೋಡಿಲ್ಲ ಕಣೇ. ನಮಗೆ ಯಾರವ್ರೆ ಈ ಊರಾಗೆ?"

ಮರುದಿನ ಪೊಲೀಸರು ಬಂದು ಕೇಳಿದರು. ಮುಖ ನೋಡಿಲ್ಲ ಅಂದೆ. ಬರೆದುಕೊಂಡು ಹೋದರು.

ಆಸ್ಪತ್ರೆಗೆ ನಾನು ಹೋದ ದಿನ ಮೇಷ್ಟ್ರು ಅಲ್ಲಿದ್ದರು. ಕುರ್ಚಿ ವಾಪಸ್ ಕೊಟ್ಟುಬಿಡ್ತೀನಿ, ನಿಮಗೆ ಇನ್ನೇನೂ ಆಗೋದು ಬೇಡ ಅಂತ ಅಳುತ್ತಿದ್ದರು. ಮೂರು ಬೆರಳು ತೆಗೆದ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಮಲಗಿದ್ದ ಅಜ್ಜ ಎದ್ದು ಕೂತು ಬೈದರು. "ಕೊಟ್ರೆ ನನ್ನ ಕೈ ದಂಡ ಆಗ್ತತೆ. ಮನೇಗೆ ಹೋಗ್ರಿ. ಹೋಗಿ ಕುಂತ್ಕಳ್ರಿ." ಅವರು ಸಿಟ್ಟು ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನನ್ನನ್ನು ಮಾತ್ರ ಏನೂ ಕೇಳಲಿಲ್ಲ.

ನಾಲ್ಕು ವರ್ಷದ ಮೇಲೆ ಕೇಸು ವಿಚಾರಣೆಗೆ ಬಂತು. ಅಷ್ಟರಲ್ಲಿ ಅಮ್ಮ ತೀರಿಕೊಂಡಿದ್ದಳು, ನನ್ನ ಕೆಲಸ ಖಾಯಂ ಆಗಿತ್ತು. ಕೋರ್ಟಿನಲ್ಲಿ ನಿಂತು ಮೂವರನ್ನೂ ಬೆರಳು ಮಾಡಿ ತೋರಿಸಿದೆ. ಯಾರು ಕೈ ಹಿಡಿದರು, ಯಾರು ಹೊಡೆದರು, ಎಲ್ಲ ಹೇಳಿದೆ. ಅವರ ಪರ ವಕೀಲರು ಎದ್ದು ಒಂದು ಹಾಳೆ ಓದಿದರು. ಮುಖ ನೋಡಿಲ್ಲ ಅಂತ ಪೊಲೀಸರಿಗೆ ಹೇಳಿದ್ದು ನೀವೇ ಅಲ್ಲವೇ? ನಾಲ್ಕು ವರ್ಷದ ಮೇಲೆ ಮುಖ ಹೇಗೆ ಕಂಡಿತು? ನಾನು ಹೆದರಿದ್ದೆ ಅಂದೆ. ಈಗ ಯಾರು ಹೇಳಿಕೊಟ್ಟರು ಅಂತ ಕೇಳಿದರು. ಅಜ್ಜನನ್ನು ಬಿಟ್ಟರೆ ಕಣ್ಣಾರೆ ಕಂಡವಳು ನಾನೊಬ್ಬಳೇ. ನನ್ನ ಮಾತು ನಿಲ್ಲಲಿಲ್ಲ, ಅಜ್ಜನ ಮಾತೊಂದೇ ಸಾಲದು ಅಂತಾಯಿತು. ಮೂವರಿಗೂ ಬಿಡುಗಡೆಯಾಯಿತು.

ಅವತ್ತು ಆ ಹಳ್ಳಿಯಲ್ಲಿ ಪಟಾಕಿ ಹೊಡೆದರಂತೆ. ಕಾಲೋನಿಯ ಮೇಲೆ ಕಲ್ಲು ಬಿದ್ದವಂತೆ. ಒಂದು ಕಲ್ಲು ಮೇಷ್ಟ್ರ ಹಣೆ ಒಡೆಯಿತಂತೆ. ಅವರು ಜಗಲಿಯ ಮೇಲಿನ ಕುರ್ಚಿಯಿಂದ ಏಳಲಿಲ್ಲವಂತೆ...

ತೀರ್ಪಿನ ದಿನ ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಅಜ್ಜ ನಿಂತಿದ್ದರು. ನಾನು ಹತ್ತಿರ ಹೋದೆ. "ಅವತ್ತೇ ಹೇಳಿದ್ರೆ ಚೆನ್ನಾಗಿರ್ತಿತ್ತು ತಾಯಿ," ಅಂದರು. ಬೈಗುಳದ ದನಿ ಅಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು ಅಷ್ಟೆ. ಆಮೇಲೆ ಅಂಗಡಿ ಮುಚ್ಚಿ ಹಿರಿಯೂರಿಗೆ ಮಗಳ ಮನೆಗೆ ಹೋದರು. ನಾನು ಒಂದು ಸಲವೂ ಹೋಗಿ ನೋಡಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ ಅನ್ನಿಸುತ್ತಿತ್ತು.

ಮೊನ್ನೆ ಮೆಟ್ಟಿಲ ಮೇಲಿಂದ ಎದ್ದವಳೇ ಮೇಷ್ಟ್ರಿಗೆ ಫೋನ್ ಮಾಡಿ ಅಡ್ರೆಸ್ ಕೇಳಿದೆ. "ಅವರು ತೀರಿಕೊಂಡು ಎರಡು ವರ್ಷ ಆಯ್ತಲ್ಲಮ್ಮ," ಅಂದರು. ಆದರೂ ಭಾನುವಾರ ಹಿರಿಯೂರು ಬಸ್ಸು ಹತ್ತಿದೆ.

ಬಾಗಿಲು ತೆಗೆದದ್ದು ಮಗಳು. ಅಪ್ಪನದೇ ಮೂಗು, ಅಪ್ಪನದೇ ಹುಬ್ಬು. ದುರ್ಗದಿಂದ ಬಂದೆ, ನಿಮ್ಮ ತಂದೆಯವರ ಗಿರಾಕಿ ಅಂದೆ. ಅವರು ನನ್ನನ್ನೇ ನೋಡಿದರು.

"ಕೋರ್ಟಿನಾಗೆ ಸಾಕ್ಷಿ ಹೇಳಿದೋರು ನೀವೇನಾ? ಅಪ್ಪ ಬಾಳ ಸಲ ಹೇಳ್ತಿದ್ರು. ಒಬ್ಳೇ ಹೆಣ್ಮಗಳು, ಆ ಮೂರು ಜನದ ಎದುರಿಗೆ ನಿಂತು ಹೇಳಿದ್ಳು ಅಂತ. ಬರ್ರಿ, ಒಳಗೆ ಬರ್ರಿ."

ನಾನು ಹೊಸ್ತಿಲಾಚೆಯೇ ನಿಂತೆ. "ಮೊದಲು ಪೊಲೀಸರ ಹತ್ತಿರ ನೋಡಿಲ್ಲ ಅಂದವಳೂ ನಾನೇ," ಅಂದೆ. "ಅದಕ್ಕೇ ಅವರು ಬಿಡುಗಡೆಯಾಗಿದ್ದು."

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಒಳಗೆ ಕುಕ್ಕರು ಕೂಗಿ ಕೂಗಿ ನಿಂತಿತು.

"ಅಪ್ಪ ಅದನ್ನ ನಮಗೆ ಹೇಳೇ ಇರ್ಲಿಲ್ಲ," ಅಂದರು.